ಅರ್ಧ ಗೋಡೆಯ ಲೈನು

ನಾವು ಬದುಕಿದ ಮನೆಗೆ ಗೋಡೆ ಅರ್ಧವೇ ಇತ್ತು. ಇದನ್ನು ಹೇಳಿದ ಕೂಡಲೇ ಈಗಿನ ಮಕ್ಕಳು "ಅಯ್ಯೋ ಪಾಪ, ಹೇಗಿದ್ರಿ ಅಜ್ಜಿ?" ಎಂದು ಮುಖ ಸಣ್ಣದು ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಪಾಪ ಅನ್ನಿಸಿಕೊಳ್ಳಲು ನಾನು ಇದನ್ನು ಹೇಳುತ್ತಿಲ್ಲ. ಹೇಗಿದ್ದೆವು ಅಂದರೆ, ಜಗ್ಗದೆ ಇದ್ದೆವು. ಅದನ್ನು ಹೇಳುತ್ತೇನೆ, ಕೇಳುವಷ್ಟು ಪುರುಸೊತ್ತಿದ್ದರೆ ಕೂತು ಕೇಳಿ.

ಆಗ ಕೊಡಗು ಒಂದು ರಾಜ್ಯ. ನಗಬೇಡಿ, ನಿಜವಾಗಿಯೂ ರಾಜ್ಯವೇ. ಮಡಿಕೇರಿ ಅದರ ರಾಜಧಾನಿ. ಕೋಟೆಯೊಳಗೆ ಕಚೇರಿಗಳು, ಕಚೇರಿಯ ಬಾಗಿಲಲ್ಲಿ ಜವಾನರು, ರಸ್ತೆಯಲ್ಲಿ ದೊಡ್ಡವರ ಕಾರು. ಆ ರಾಜಧಾನಿಯ ಮಾರ್ಕೆಟ್ಟಿನ ಹಿಂದಿನ ಇಳಿಜಾರಿನಲ್ಲಿ ನಮ್ಮ ಕೇರಿ. ಒಬ್ಬರ ಅಂಗಳ ಇನ್ನೊಬ್ಬರ ಹೆಂಚಿನ ಮಟ್ಟಕ್ಕೆ. ಮೇಲಿನವರು ಬಟ್ಟೆ ಹಿಂಡಿದರೆ ಕೆಳಗಿನವರಿಗೆ ಮಳೆ. ಮೂಟೆ ಹೊರುವವರು, ಗಾಡಿ ಹೊಡೆಯುವವರು, ಬಸ್ಸು ತೊಳೆಯುವವರು, ಕಾಫಿ ವರ್ಕ್ಸಿನಲ್ಲಿ ಬೀಜ ಆರಿಸುವ ಹೆಂಗಸರು, ಎಲ್ಲರೂ ಅಲ್ಲೇ ಒತ್ತಿಕೊಂಡು ಇದ್ದೆವು. ಅದರಲ್ಲಿ ನಮ್ಮದು ಹನ್ನೊಂದು ಮನೆಗಳ ಒಂದು ಉದ್ದನೆಯ ಲೈನು. ಹನ್ನೊಂದು ಮನೆಗೆ ಒಂದು ನಲ್ಲಿ, ಅದರಲ್ಲಿ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದು ಗಂಟೆ. ರಾಜಧಾನಿ ಅಂದರೆ ರಾಜಧಾನಿ!

ಮೊದಲು ಅದು ಎತ್ತಿನ ಕೊಟ್ಟಿಗೆ. ಕಾಫಿ ಮೂಟೆ ಹೇರಿಕೊಂಡು ಘಟ್ಟ ಇಳಿಯುವ ಗಾಡಿಗಳ ಎತ್ತುಗಳನ್ನು ಅಲ್ಲಿ ಕಟ್ಟುತ್ತಿದ್ದರಂತೆ. ಲಾರಿಗಳು ಬಂದು ಎತ್ತುಗಳಿಗೆ ಕೆಲಸ ತಪ್ಪಿದ ಮೇಲೆ, ಜಾಗದ ಸಾಹುಕಾರರು ಕೊಟ್ಟಿಗೆಯೊಳಗೆ ಹತ್ತು ಅಡ್ಡಗೋಡೆ ಹಾಕಿಸಿ, ಹನ್ನೊಂದು ಬಾಗಿಲು ಇಡಿಸಿ, ಮನೆ ಎಂದು ಕರೆದರು. ಗೋಡೆಯನ್ನು ಹೆಂಚಿನವರೆಗೆ ಎತ್ತಿಸಲು ಮನಸ್ಸು ಬರಲಿಲ್ಲವೋ, ಇಟ್ಟಿಗೆ ಸಾಲಲಿಲ್ಲವೋ, ಆಳೆತ್ತರಕ್ಕೆ ನಿಲ್ಲಿಸಿಬಿಟ್ಟರು. ಅದರ ಮೇಲೆ ಖಾಲಿ. ಈ ತುದಿಯಿಂದ ಆ ತುದಿಗೆ ಒಂದೇ ಹೆಂಚಿನ ಮಾಡು, ಒಂದೇ ಗಾಳಿ. ಎತ್ತು ಕಟ್ಟುತ್ತಿದ್ದ ಕಬ್ಬಿಣದ ಬಳೆಗಳು ಗೋಡೆಯಲ್ಲಿ ಹಾಗೇ ಇದ್ದವು. ಗಂಜಲ ಹರಿಯುತ್ತಿದ್ದ ಕಲ್ಲಿನ ಕಾಲುವೆಯನ್ನು ನಾವು ಬಚ್ಚಲು ಮಾಡಿಕೊಂಡಿದ್ದೆವು.

ಹಾಸನ ಸೀಮೆಯ ಹಳ್ಳಿಯಿಂದ ಮದುವೆಯಾಗಿ ನಾನು ಬಂದದ್ದು ಆರನೆಯ ಮನೆಗೆ, ಲೈನಿನ ನಡುಮಧ್ಯಕ್ಕೆ. ನಮ್ಮನೆಯವರು ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು. ಮನೆಯಲ್ಲಿ ಅತ್ತೆ ಒಬ್ಬರೇ. ಬಂದ ಮರುದಿನ ಒಗ್ಗರಣೆಗೆ ಮೆಣಸಿನಕಾಯಿ ಒಂದೆರಡು ಜಾಸ್ತಿ ಬಿತ್ತು. ಹನ್ನೊಂದು ಮನೆಯವರೂ ಕೆಮ್ಮಿದರು. ಎಲ್ಲೋ ಮೂರನೆಯ ಮನೆಯ ಕಡೆಯಿಂದ ಒಂದು ಹೆಣ್ಣು ದನಿ, "ಯಾರ ಮನೆ ಹೊಸ ಸೊಸೆ ಅದು, ನಮ್ಮನ್ನೆಲ್ಲ ಕೊಲ್ಲೋಕೆ ಬಂದಿರೋದು?" ಎಂದು ಕೂಗಿತು. ಲೈನಿಗೆ ನನ್ನ ಪರಿಚಯವಾದದ್ದು ಹಾಗೆ.

ಗುಟ್ಟು ಎಂಬುದು ಅಲ್ಲಿ ಇರಲಿಲ್ಲ. ಗೋಡೆಗೂ ಕಿವಿ ಇರುತ್ತದೆ ಅನ್ನುತ್ತಾರಲ್ಲ, ನಮ್ಮ ಗೋಡೆಗೆ ಬಾಯಿಯೂ ಇತ್ತು. ಗಂಡ ಹೆಂಡಿರ ಜಗಳಕ್ಕೆ ಆಚೆ ಮನೆಯಿಂದ ತೀರ್ಪು ಬರುತ್ತಿತ್ತು. ಮಗು ಅತ್ತರೆ ಮೂರು ಮನೆಯಿಂದ ಮೂರು ಥರದ ಔಷಧಿ ಹೇಳುತ್ತಿದ್ದರು, ಒಬ್ಬರು ಕನ್ನಡದಲ್ಲಿ, ಒಬ್ಬರು ತಮಿಳಿನಲ್ಲಿ, ಒಬ್ಬರು ಅರೆಭಾಷೆಯಲ್ಲಿ. ನನಗೆ ಮೊದಲ ತಿಂಗಳು ಸಾಕುಸಾಕಾಗಿ ಹೋಯಿತು. ಅತ್ತೆಗಂತೂ ಆ ಗೋಡೆ ಎಂದರೆ ಹುಣ್ಣು. ಅದಕ್ಕೆ ಕಾರಣ ಏಳನೆಯ ಮನೆ.

ಏಳನೆಯ ಮನೆಯಲ್ಲಿ ಉಮ್ಮ ಇದ್ದರು. ಗಂಡ ತೀರಿಹೋಗಿದ್ದ ಮಲಯಾಳಿ ಮುಸ್ಲಿಂ ಹೆಂಗಸು, ಲೈನಿಗೆಲ್ಲ ಉಮ್ಮ. ಬಸ್‌ಸ್ಟ್ಯಾಂಡಿನ ಹೋಟೆಲುಗಳಿಗೆ ಅಕ್ಕಿಹಿಟ್ಟಿನ ಪುಟ್ಟು, ಕಡಲೆ ಬೇಯಿಸಿ ಕೊಡುವುದು ಅವರ ಕಸುಬು. ಮಧ್ಯಾಹ್ನಕ್ಕೆ ತಮಗೆ ಮೀನು ಸಾರು. ಆ ವಾಸನೆ ಗೋಡೆ ಹತ್ತಿ ನಮ್ಮ ಕಡೆ ಇಳಿಯುತ್ತಿತ್ತು. ಅತ್ತೆ ಸೆರಗು ಮೂಗಿಗೆ ಒತ್ತಿಕೊಂಡು, "ಸಿವಸಿವಾ, ಊಟ ಮಾಡಂಗಿಲ್ಲ, ಉಸಿರಾಡಂಗಿಲ್ಲ!" ಎಂದು ಗೋಡೆಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ಆಚೆಯಿಂದ ಉಮ್ಮ ನಗುವುದು ಕೇಳುತ್ತಿತ್ತು.

ಲೈನಿನಲ್ಲಿ ಒಂದು ಪದ್ಧತಿ ಇತ್ತು. ಬೆಂಕಿಪೊಟ್ಟಣ ಎಲ್ಲರ ಮನೆಯಲ್ಲೂ ಇರುತ್ತಿರಲಿಲ್ಲ, ಇದ್ದರೂ ಮಡಿಕೇರಿಯ ಥಂಡಿಗೆ ಕಡ್ಡಿ ಹತ್ತುತ್ತಿರಲಿಲ್ಲ. ಬೆಳಿಗ್ಗೆ ಯಾರು ಮೊದಲು ಒಲೆ ಹಚ್ಚುತ್ತಾರೋ ಅವರು ಒಂದು ಒಡೆದ ಹೆಂಚಿನ ಚೂರಿನ ಮೇಲೆ ಎರಡು ಕೆಂಡ ಇಟ್ಟು ಗೋಡೆಯ ಮೇಲಿಂದ ಆಚೆಗೆ ಕೊಡಬೇಕು. ಅವರು ತಮ್ಮ ಒಲೆ ಹಚ್ಚಿಕೊಂಡು ಇನ್ನೆರಡು ಕೆಂಡ ಮುಂದಕ್ಕೆ. ಹೀಗೆ ಹನ್ನೊಂದು ಒಲೆಯೂ ಹೊತ್ತಿಕೊಳ್ಳುತ್ತಿದ್ದವು. ಎಲ್ಲರಿಗಿಂತ ಮುಂಚೆ ಏಳುತ್ತಿದ್ದದ್ದು ಉಮ್ಮ. ಆದರೆ ಏಳರಿಂದ ಆರಕ್ಕೆ ಕೆಂಡ ಬರುತ್ತಿರಲಿಲ್ಲ. ಮೀನು ಬೇಯಿಸಿದ ಒಲೆಯ ಬೆಂಕಿ ನಮ್ಮ ಒಲೆಗೆ ಬೇಡ ಎಂದು ಅತ್ತೆಯ ಹಟ. ನಮ್ಮಿಂದಾಚೆ ಐದನೆಯ ಮನೆಯವರಿಗೆ ಕೆಂಡ ಬೇಕಾದರೆ ಪಾಪ, ಹೊರಗೆ ಬಂದು ನಮ್ಮ ಬಾಗಿಲು ದಾಟಿ ಉಮ್ಮನ ಬಾಗಿಲಿಗೆ ಹೋಗಬೇಕು. ಅತ್ತೆ ಆಮೇಲೆ ಆ ಐದನೆಯ ಮನೆಯಿಂದ ಕೆಂಡ ತೆಗೆದುಕೊಳ್ಳುತ್ತಿದ್ದರು. ಅದೇ ಬೆಂಕಿ, ಒಂದು ಸುತ್ತು ಬಳಸಿ ಬಂದರೆ ಮಡಿ! ನಾನು ಒಮ್ಮೆ ಅದನ್ನು ಬಾಯಿಬಿಟ್ಟು ಹೇಳಿ ಬೈಸಿಕೊಂಡೆ.

ಉಮ್ಮ ಮಾತ್ರ ಒಂದು ದಿನ ಗೋಡೆಯಾಚೆಯಿಂದ ಕೂಗಿ ಹೇಳಿದರು. "ಅಮ್ಮಾ, ಮೀನು ತಿನ್ನುದು ನಾನು. ಬೆಂಕಿ ಮೀನು ತಿನ್ನುದಿಲ್ಲ."

"ನಿನ್ನ ಒಲೆ ಸುದ್ದಿ ನಂಗ್ಯಾಕೆ ಬುಡಮ್ಮ," ಅಂದರು ಅತ್ತೆ.

ಸಾಹುಕಾರರ ಮುಖ ನಾವು ನೋಡಿದವರಲ್ಲ. ಅವರು ಎಸ್ಟೇಟಿನಲ್ಲಿ ಇರುತ್ತಿದ್ದರು. ನಮ್ಮ ಪಾಲಿಗೆ ಬರುತ್ತಿದ್ದವರು ಅವರ ಲೆಕ್ಕ ಬರೆಯುವ ರೈಟರು. ಕೊಡೆ ಊರಿಕೊಂಡು ಬಂದು ಮೆಟ್ಟಿಲ ಕೆಳಗೇ ನಿಲ್ಲುವರು, ಒಂದು ದಿನವೂ ಹೊಸಲು ದಾಟಿ ಒಳಗೆ ಇಣುಕಿದವರಲ್ಲ. ಬಂದಾಗಲೆಲ್ಲ ಅತ್ತೆಯದು ಒಂದೇ ಪಾಠ. "ರೈಟ್ರೇ, ಗೋಡೆ ಎತ್ತಿಸಿ ಕೊಡಿ. ಮಾನವಂತರು ಇರೋ ಮನೆನಾ ಇದು?" ಅವರದ್ದೂ ಒಂದೇ ಉತ್ತರ, "ಹೇಳ್ತೇನೆ, ಸಾಹುಕಾರರಿಗೆ ಹೇಳ್ತೇನೆ." ದೇವರು ವರ ಕೊಟ್ಟರೂ ಪೂಜಾರಿ ಕೊಡುವುದಿಲ್ಲ ಅಂತಾರೆ. ನಮ್ಮ ಪೂಜಾರಿ ದೇವರಿಗೆ ಸುದ್ದಿಯನ್ನೇ ಮುಟ್ಟಿಸುತ್ತಿರಲಿಲ್ಲ.

ಇನ್ನೊಬ್ಬರ ವಿಷಯ ಹೇಳಬೇಕು, ಹೆಂಚಿನ ಮೇಸ್ತ್ರಿ. ಮಂಗಳೂರು ಕಡೆಯ ತುಳು ಮನುಷ್ಯ. ಪ್ರತಿ ವರ್ಷ ಮಳೆಗೆ ಮುಂಚೆ ಬಂದು ಹೆಂಚು ಕೈಯಾಡಿಸಿ, ಒಡೆದದ್ದು ತೆಗೆದು ಹೊಸದು ಕೂರಿಸಿ ಹೋಗುವವನು. ಅವನದ್ದು ಒಂದು ನೇಮ. ಕೆಳಗೆ ಒಲೆ ಉರಿಯುತ್ತಿದ್ದರೆ ಮೇಲಿನ ಹೆಂಚು ಮುಟ್ಟುವುದಿಲ್ಲ. ಮಾಡಿನ ಮೇಲಿಂದ "ಅಕ್ಕಾ, ಒಲೆ ಆರಿಸಿದ್ರಾ?" ಎಂದು ಕೇಳಿ, ಆರಿಸಿದೆವು ಎಂದ ಮೇಲೆಯೇ ಕೈ ಹಾಕುವುದು. ಯಾಕೆ ಎಂದು ನಾನು ಕೇಳಿದ್ದೆ. "ಉರಿಯುವ ಒಲೆಗೆ ಆಕಾಶ ತೋರಿಸಬಾರದು ಅಕ್ಕಾ. ಕೆಲಸ ಕಲಿಸಿದವರು ಮೊದಲು ಹೇಳಿಕೊಟ್ಟದ್ದೇ ಅದು. ತೋರಿಸಿದರೆ ಆ ಮನೆಗೂ ಆಗುದಿಲ್ಲ, ತೆಗೆದ ಕೈಗೂ ಆಗುದಿಲ್ಲ," ಅಂದಿದ್ದ. ಅವನ ಕಡೆಯ ಹೆಂಚಿನ ಕೆಲಸದವರೆಲ್ಲರಿಗೂ ಅದೇ ನೇಮ.

ಆ ವರ್ಷ ಬೇಸಿಗೆ ಮುಗಿಯುತ್ತಿದ್ದಾಗ ರೈಟರು ಬಂದು, "ನೋಡಿ, ಅಮಾಸೆ ಒಳಗೆ ಎಲ್ಲರೂ ಖಾಲಿ ಮಾಡ್ಬೇಕು. ಸಾಹುಕಾರರು ಲಾರಿ ತಗೊಂಡಿದ್ದಾರೆ. ಇಲ್ಲಿ ಶೆಡ್ ಆಗ್ತದೆ," ಅಂದರು. ಮೊದಲು ಎತ್ತು, ಆಮೇಲೆ ನಾವು, ಈಗ ಲಾರಿ. ನಾನು ಆಗ ಎಂಟು ತಿಂಗಳು ತುಂಬಿದ ಬಸುರಿ. ಹಿಂದಿನ ವರ್ಷ ಒಂದು ಮಗು ಹೊಟ್ಟೆಯಲ್ಲೇ ಹೋಗಿತ್ತು. ತವರು ಎಂದು ಹೋಗಿ ಕೂರಲು ತಾಯಿ ಇರಲಿಲ್ಲ. ಮಳೆ ತಲೆಯ ಮೇಲೆ ಬಂದಿರುವಾಗ ಮಡಿಕೇರಿಯಲ್ಲಿ ಯಾರು ಮನೆ ಕೊಡುತ್ತಾರೆ? ಕೊಟ್ಟರೂ ಇಂದೋ ನಾಳೆಯೋ ಅನ್ನುವ ಬಸುರಿಗೆ? ಈ ಮಗುವನ್ನು ನಾನು ಒಂದು ಮಾಡಿನ ಕೆಳಗೆ ಹೆರಬೇಕು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಬೇರೆ ನ್ಯಾಯ ಅನ್ಯಾಯ ಎಲ್ಲ ಆಮೇಲೆ.

ಗಂಡಸರು ಕೋಟೆಯ ಕಚೇರಿಗೆ ಹೋಗಿ ಒಂದು ದಿನ ನಿಂತು ಬಂದರು. ಖಾಸಗಿ ಜಾಗ, ನಾವು ಏನೂ ಮಾಡುವ ಹಾಗಿಲ್ಲ ಅಂದರಂತೆ. ನಮ್ಮನೆಯವರು ದಾರಿಯಲ್ಲಿ ರೈಟರನ್ನು ನಿಲ್ಲಿಸಿ ಸ್ವಲ್ಪ ದನಿ ಎತ್ತಿದರಂತೆ. ಅವರು ಮರುದಿನ ನಮ್ಮ ಮೆಟ್ಟಿಲಿಗೆ ಬಂದು, "ಬಡವನ ಕೋಪ ದವಡೆಗೆ ಮೂಲ, ನಿಮ್ಮ ಮಗನಿಗೆ ಹೇಳಿ," ಅಂದರು.

"ದವಡೆ ನಮ್ದು," ಅಂದರು ಅತ್ತೆ. "ನೀವ್ಯಾಕೆ ಅದರ ಚಿಂತೆ ಮಾಡ್ತೀರಾ?"

ಅಮಾವಾಸ್ಯೆ ಕಳೆಯಿತು. ಯಾರೂ ಕದಲಲಿಲ್ಲ. ಎರಡು ದಿನ ಬಿಟ್ಟು ರೈಟರು ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಹೆಂಚು ಇಳಿಸಿಬಿಟ್ಟರೆ ತಾವಾಗಿ ಹೋಗುತ್ತಾರೆ ಎಂಬುದು ಅವರ ಲೆಕ್ಕ. ಹೆಂಗಸರೆಲ್ಲ ಕಾಫಿ ಆರಿಸಲು ಹೋಗಿದ್ದರು. ಗಂಡಸರು ಮಾರ್ಕೆಟ್ಟಿನಲ್ಲಿ. ಲೈನಿನಲ್ಲಿ ಇದ್ದದ್ದು ನಾನು, ಅತ್ತೆ, ಇಬ್ಬರೇ. ಉಮ್ಮ ಸಹ ಹೋಟೆಲಿಗೆ ಪುಟ್ಟು ಕೊಡಲು ಹೋಗಿದ್ದರು. ಒಂದನೆಯ ಮನೆಯ ಹೆಂಚು ಇಳಿಯಿತು. ಎರಡನೆಯದೂ ಇಳಿಯಿತು. ನಾನು ಹೊರಗೆ ಬಂದು ನೋಡಿದರೆ ಒಳಗಿನ ಚಾಪೆ, ಪಾತ್ರೆ, ಗೋಡೆಗೆ ಅಂಟಿಸಿದ ದೇವರ ಪಟ ಎಲ್ಲ ಬಿಸಿಲಿಗೆ ಬಿದ್ದಿದ್ದವು. ಯಾರದ್ದೋ ಸೆರಗು ಎಳೆದ ಹಾಗೆ. ಕಣ್ಣಲ್ಲಿ ನೀರು ಬಂತು, ದುಃಖಕ್ಕಲ್ಲ, ಸಿಟ್ಟಿಗೆ.

ಒಳಗೆ ಬಂದು ಕೂತೆ. ಅತ್ತೆಯ ಮಂಡಿ ನೋವಿಗೆ ಶಾಖ ಕೊಡಲು ನಮ್ಮ ಒಲೆಯ ಮೇಲೆ ನೀರು ಕಾಯುತ್ತಿತ್ತು. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ದನಿ, ಮೂರನೆಯ ಮನೆಯ ಮೇಲಿಂದ. "ಹೊಗೆ ಬರ್ತಾ ಉಂಟಲ್ಲ. ಅಕ್ಕಾ, ಒಲೆ ಉಂಟಾ?"

ಮೂರನೆಯ ಮನೆಗೆ ಬೀಗ. ನಾನು ಆರನೆಯ ಮನೆಯಲ್ಲಿ ಕೂತಲ್ಲಿಂದಲೇ ತಲೆ ಎತ್ತಿ, "ಉಂಟು ಮೇಸ್ತ್ರಿ, ಚೆನ್ನಾಗಿ ಉರೀತಾ ಉಂಟು!" ಎಂದೆ.

"ಹಾಗಾದ್ರೆ ಇವತ್ತು ಆಗುದಿಲ್ಲ," ಎಂದು ಅವನು ಏಣಿ ಇಳಿದ. ಯಾರ ಮನೆಯ ಒಲೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ರೈಟರು ಕೂಗಾಡುತ್ತಿದ್ದರು. ಅವರು ಹೋದ ಮೇಲೆ ಹೊರಗೆ ಬಂದು ಮಾಡು ನೋಡಿದೆ. ಉರಿಯುತ್ತಿದ್ದದ್ದು ನನ್ನ ಒಲೆ ಒಂದೇ. ಆದರೆ ಹೊಗೆ ಮೂರನೆಯ ಮನೆಯಿಂದ ಹನ್ನೊಂದನೆಯ ಮನೆಯವರೆಗೂ ಎಲ್ಲ ಹೆಂಚುಗಳ ಸಂದಿಯಿಂದ ಏಳುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತು ನಕ್ಕೆ. ಅತ್ತೆ ಒಳಗಿನಿಂದ "ಏನೇ ಅದು, ಹುಚ್ಚು ಹಿಡೀತೇನೇ?" ಎಂದು ಕೂಗಿದರು.

ಸಂಜೆ ಎಲ್ಲರೂ ನಲ್ಲಿಯ ಹತ್ತಿರ ಸೇರಿದೆವು. ಒಂದನೆಯ ಮನೆಯವರು ಅಳುತ್ತ ಕುಶಾಲನಗರದ ನೆಂಟರ ಮನೆಗೆ ಹೊರಟೇಬಿಟ್ಟರು. ಎರಡನೆಯವರನ್ನು ಮೂರನೆಯವರು ತಮ್ಮ ಹತ್ತಡಿಯೊಳಗೆ ಸೇರಿಸಿಕೊಂಡರು. ನಾನು ಹೊಗೆಯ ಸಂಗತಿ ಹೇಳಿದೆ. ಅತ್ತೆ ನನ್ನ ಮಾತು ಕಿತ್ತುಕೊಂಡು ಮುಂದುವರಿಸಿದರು.

"ಬೆಂಕಿ ಇಲ್ದೆ ಹೊಗೆ ಆಡಲ್ಲ ಅಂತಾರೆ. ನಮ್ಮ ಲೈನಲ್ಲಿ ಒಂದು ಮನೇಲಿ ಬೆಂಕಿ ಇದ್ರೆ ಎಲ್ಲಾ ಮನೇಲೂ ಹೊಗೆ ಆಡ್ತದೆ. ಮಳೆ ಹಿಡಿಯೋ ಗಂಟ ಒಂದು ಒಲೆ ಆರಬಾರದು ಕಣ್ರೇ. ಮಳೆ ಹಿಡಿದ್ಮೇಲೆ ಹೆಂಚಿಗೆ ಕೈ ಹಾಕೋನು ಯಾವನು?"

ಅದು ನಿಜ. ಒಮ್ಮೆ ಮಳೆ ಹಿಡಿದರೆ ದಸರೆ ಹತ್ತಿರ ಬರುವವರೆಗೆ ಮಡಿಕೇರಿಯಲ್ಲಿ ಯಾರೂ ಮಾಡು ಬಿಚ್ಚುವುದಿಲ್ಲ. ಅಷ್ಟು ಹೊತ್ತಿಗೆ ನನ್ನ ಮಗು ತಲೆ ನಿಲ್ಲಿಸಿರುತ್ತದೆ. ಬೇರೆ ಹೆಂಚಿನವರನ್ನು ತರುತ್ತಾರೇನೋ ಎಂದು ಯಾರೋ ಹೆದರಿದರು. ಮಳೆಗೆ ಮುಂಚೆ ಅವರೆಲ್ಲಿ ಸಿಗುತ್ತಾರೆ, ಸಿಕ್ಕರೂ ಅವರಿಗೂ ಅದೇ ನೇಮ ತಾನೇ ಎಂದು ಉಮ್ಮ ಧೈರ್ಯ ಹೇಳಿದರು.

ಸೌದೆ ಎಲ್ಲರ ಮನೆಯಲ್ಲೂ ತಳ ಕಂಡಿತ್ತು. ಹೆಂಗಸರು ಕಾಫಿ ವರ್ಕ್ಸಿನಿಂದ ಬರುವಾಗ ಬೀಜದ ಮೇಲಿನ ಹೊಟ್ಟನ್ನು ಮಡಿಲು ತುಂಬ ಕಟ್ಟಿ ತಂದರು. ಎಸೆಯುವ ಹೊಟ್ಟು, ಯಾರೂ ಕೇಳುವುದಿಲ್ಲ. ಅದು ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ನಮಗೆ ಬೇಕಾದದ್ದೂ ಅದೇ. ಮನೆಯಲ್ಲೇ ಇರುತ್ತಿದ್ದ ನಾನು ಬೆಳಕು ಹರಿದಾಗಿನಿಂದ ಮುಳುಗುವವರೆಗೆ ಒಲೆಯ ಮುಂದೆ ಕೂತು ಹೊಟ್ಟು ಹಾಕುತ್ತಿದ್ದೆ. ನಾನು ಮಲಗಿದರೆ ಅತ್ತೆ, ಅತ್ತೆಗೆ ಆಗದಿದ್ದರೆ ಗೋಡೆಯಾಚೆ ಉಮ್ಮನ ಒಲೆ. ಕಣ್ಣು ಕೆಂಡದ ಹಾಗೆ ಕೆಂಪಾಯಿತು. ಉಟ್ಟ ಸೀರೆ, ಉಂಡ ಅನ್ನ, ಎಲ್ಲಕ್ಕೂ ಕಾಫಿ ಹೊಟ್ಟಿನ ವಾಸನೆ. ಅತ್ತೆ ಒಮ್ಮೆ "ಈಗ ಮೀನಿನ ವಾಸನೆನೂ ಬರಾಕಿಲ್ಲ, ಒಳ್ಳೇದೇ ಆಯ್ತು," ಅಂದರು.

ಮೇಸ್ತ್ರಿ ದಿನಾ ಬೆಳಿಗ್ಗೆ ಬರುವನು. ಏಣಿ ಹತ್ತಿ ಉದ್ದಕ್ಕೂ ನೋಡುವನು. "ಎಲ್ಲಾ ಮನೇಲೂ ಒಲೆ ಉಂಟು ರೈಟ್ರೇ," ಎಂದು ಇಳಿಯುವನು. ವರ್ಷವರ್ಷವೂ ಆ ಮಾಡು ಹತ್ತಿ ಇಳಿದವನಿಗೆ ಒಳಗಿನ ಗೋಡೆ ಅರ್ಧ ಎಂದು ಗೊತ್ತಿರಲಿಲ್ಲವೇ? ನಾನು ಅದನ್ನು ಅವನಲ್ಲಿ ಕೇಳಲೇ ಇಲ್ಲ.

ಹೀಗೆ ಒಂದು ವಾರ. ಭಾನುವಾರ ಮೋಡ ಕಟ್ಟಿತು. ಇವತ್ತು ಬಿಟ್ಟರೆ ಕೆಟ್ಟೆ ಎಂದು ರೈಟರಿಗೆ ಅನ್ನಿಸಿರಬೇಕು. ಮೇಸ್ತ್ರಿಯನ್ನು ಕರೆದುಕೊಂಡು, ಎಲ್ಲಿಂದಲೋ ನೀರು ತುಂಬಿದ ಎರಡು ಡಬ್ಬ ಹೊರಿಸಿಕೊಂಡು ಬಂದರು. ಗಂಡಸರು ಸೌದೆಗೆಂದು ಕಾಡಿನ ಕಡೆ ಹೋಗಿದ್ದರು. ಆದರೆ ಭಾನುವಾರ ಕಾಫಿ ಕೆಲಸಕ್ಕೆ ರಜ ಎಂಬುದನ್ನು ರೈಟರು ಮರೆತಿದ್ದರು. ಹೆಂಗಸರೆಲ್ಲ ಒಳಗೇ ಇದ್ದರು.

"ಒಲೆ ಆರಿಸಿ ಕೊಡಿ, ತೆಗೀತೇನೆ," ಎಂದು ಮೇಸ್ತ್ರಿ ಮಾಡಿನ ನೆತ್ತಿಯ ಮೇಲೆ ಹೋಗಿ ಕೂತು ಎಲೆ ಅಡಿಕೆ ಬಿಚ್ಚಿದ.

ರೈಟರು ಮೊದಲ ಸಲ ನಮ್ಮ ಹೊಸಲು ದಾಟಿದರು. ನಾನು ಒಲೆಗೆ ಅಡ್ಡ ನಿಂತೆ. "ಬಸುರಿ ಇರೋ ಮನೆ ಒಲೆ ರೈಟ್ರೇ, ನೀರು ಹೊಯ್ಯಬೇಡಿ," ಎಂದೆ. ಅಂಗಲಾಚಲಿಲ್ಲ, ಎಚ್ಚರಿಕೆ ಹೇಳಿದೆ. ಅವರು ನನ್ನ ಪಕ್ಕದಿಂದ ಕೈ ಚಾಚಿ ಡಬ್ಬ ಬಗ್ಗಿಸಿದರು. ಚುಂಯ್ ಎಂದು ಬೂದಿ ಎದ್ದು ನನ್ನ ಮುಖಕ್ಕೆ, ಹೊಟ್ಟೆಗೆ ಬಡಿಯಿತು. ಹೊಟ್ಟೆಯೊಳಗೆ ಮಗು ಒದೆಯಿತು. ಉರಿಯುವ ಒಲೆಗೆ ನೀರು ಹೊಯ್ಯುವುದು ಸತ್ತ ಮನೆಯಲ್ಲಿ. ಅಂಥ ಮನುಷ್ಯನನ್ನು ಏನೆಂದು ಬೈಯಬೇಕೆಂದು ಇವತ್ತಿಗೂ ನನಗೆ ಮಾತು ಸಿಕ್ಕಿಲ್ಲ.

ಮೇಲಿನಿಂದ ಮೇಸ್ತ್ರಿಯ ದನಿ ಬಂತು. "ರೈಟ್ರೇ, ಹೊಗೆ ಇನ್ನೂ ಉಂಟು."

ರೈಟರು ಹೊರಗೆ ಓಡಿ ಉಮ್ಮನ ಬಾಗಿಲಿಗೆ ಹೋದರು. ಉಮ್ಮ ಒಳಗಿನಿಂದ ಚಿಲಕ ಹಾಕಿದ್ದರು. ರೈಟರು ಬಾಗಿಲು ಬಡಿಯುತ್ತಿದ್ದಾಗ ಗೋಡೆಯ ಮೇಲೆ ಎರಡು ಕೈ ಕಾಣಿಸಿದವು. ಕೈಯಲ್ಲಿ ಹೆಂಚಿನ ಚೂರು, ಮೇಲೆ ಕೆಂಡದ ರಾಶಿ. "ಅಮ್ಮಾ, ಬೇಗ! ಬಾಗಿಲು ಮುರೀತಾನೆ. ತಗೊಳ್ಳಿ!"

ಅತ್ತೆ ಮಣೆಯ ಮೇಲೆ ಕೂತವರು ಆ ಕೆಂಡ ನೋಡಿದರು. ನೀರು ಸುರಿಯುತ್ತಿದ್ದ ನಮ್ಮ ಒಲೆ ನೋಡಿದರು. ಬೂದಿ ಮೆತ್ತಿಕೊಂಡಿದ್ದ ನನ್ನ ಹೊಟ್ಟೆ ನೋಡಿದರು. ಮಂಡಿ ನೋವನ್ನೂ ಲೆಕ್ಕಿಸದೆ ಎದ್ದು, ಅದೇ ಮಣೆಯನ್ನು ಗೋಡೆಯ ಬುಡಕ್ಕೆ ತಳ್ಳಿ, ಅದರ ಮೇಲೆ ಹತ್ತಿ, ಎರಡೂ ಕೈ ಚಾಚಿದರು.

"ಕೊಡೇ ತಾಯಿ, ಕೊಡು. ಇನ್ನೂ ಎರಡು ಹಾಕ್ಕೊಡು."

ಕೆಂಡವನ್ನು ಚಳಿಗಾಲದ ಅಗ್ಗಿಷ್ಟಿಕೆಗೆ ಸುರಿದರು. ನಾನು ಒಂದು ಹಿಡಿ ಹೊಟ್ಟು ಹಾಕಿ ಊದಿದೆ. ಹೊಗೆ ಎದ್ದಿತು. ಅತ್ತೆ ಅದರಿಂದ ಎರಡು ಕೆಂಡ ತೆಗೆದು ಇನ್ನೊಂದು ಚೂರಿನ ಮೇಲಿಟ್ಟು ಐದನೆಯ ಮನೆಯ ಕಡೆ ಎತ್ತಿದರು. ಅಲ್ಲಿ ಕೈ ಕಾದಿತ್ತು. ಐದರಿಂದ ನಾಲ್ಕಕ್ಕೆ, ನಾಲ್ಕರಿಂದ ಮೂರಕ್ಕೆ. ಉಮ್ಮನ ಆ ಕಡೆಯಿಂದ ಎಂಟಕ್ಕೆ, ಒಂಬತ್ತಕ್ಕೆ. ರೈಟರು ಉಮ್ಮನ ಚಿಲಕ ಕಿತ್ತು ಒಳಗೆ ನುಗ್ಗಿ ಒಲೆಗೆ ನೀರು ಸುರಿಯುವ ಹೊತ್ತಿಗೆ ಬೆಂಕಿ ಒಂಬತ್ತನೆಯ ಮನೆ ದಾಟಿತ್ತು.

"ಹೊಗೆ ಉಂಟು ರೈಟ್ರೇ."

ಎಂಟನೆಯ ಮನೆಗೆ ಓಡಿದರು. ಅಲ್ಲಿ ಸುರಿದರು. ಅಷ್ಟರಲ್ಲಿ ಏಳಕ್ಕೆ ನಮ್ಮ ಅಗ್ಗಿಷ್ಟಿಕೆಯಿಂದ ಕೆಂಡ ವಾಪಸು ಹೋಯಿತು. ಉಮ್ಮ ಹಿಟ್ಟು ಹುರಿಯುವ ಬಾಣಲೆಯಲ್ಲಿ ಹಿಡಿದರು.

"ಈಗಲೂ ಉಂಟು."

ಅವರು ಪ್ರತಿ ಸಲ ಹೊರಗೆ ಬಂದು, ಮೆಟ್ಟಿಲು ಇಳಿದು, ಮೆಟ್ಟಿಲು ಹತ್ತಿ, ಬಾಗಿಲು ಬಡಿದು ಒಳಗೆ ಹೋಗಬೇಕು. ನಮ್ಮ ಬೆಂಕಿಗೆ ಬಾಗಿಲು ಬೇಕಿರಲಿಲ್ಲ. ಎರಡು ಡಬ್ಬವೂ ಖಾಲಿಯಾದವು. ನೀರು ತರಲು ನಲ್ಲಿಗೆ ಓಡಿದರು. ನಲ್ಲಿ ಒಣಗಿ ಎಷ್ಟೋ ಹೊತ್ತಾಗಿತ್ತು. "ಒಂದು ಕೊಡ ನೀರು ಕೊಡ್ರೇ!" ಎಂದು ನಮ್ಮನ್ನೇ ಕೇಳಿದರು, ನೋಡಿ ಅವರ ಬುದ್ಧಿ. ಮೂರನೆಯ ಮನೆಯಿಂದ ಆ ಹಳೆಯ ದನಿ, "ಇದು ರಾಜಧಾನಿ ರೈಟ್ರೇ, ನಾಳೆ ಬೆಳಿಗ್ಗೆ ಬರುತ್ತೆ ನೀರು, ಸರದಿಗೆ ನಿಂತ್ಕೊಳಿ!" ಎಂದು ಕೂಗಿತು. ಲೈನಿಗೆ ಲೈನೇ ನಕ್ಕಿತು.

ರೈಟರು ಏದುಸಿರು ಬಿಡುತ್ತ ಮತ್ತೆ ನಮ್ಮ ಮನೆಗೇ ಬಂದರು. ಅಗ್ಗಿಷ್ಟಿಕೆ ನೋಡಿ ಬಾಯಿ ತೆರೆದರು. ಅದೇ ಹೊತ್ತಿಗೆ ಅವರ ತಲೆಯ ಮೇಲಿಂದ ಕೆಂಡವಿಟ್ಟ ಹೆಂಚಿನ ಚೂರೊಂದು ಉಮ್ಮನ ಕೈಯಿಂದ ಅತ್ತೆಯ ಕೈಗೆ ದಾಟಿತು. ಕತ್ತೆತ್ತಿ ನೋಡಿದರು. ಗೋಡೆ ನೋಡಿದರು, ಗೋಡೆಯ ಮೇಲಿನ ಖಾಲಿ ನೋಡಿದರು. ಅತ್ತೆ ವರ್ಷಗಟ್ಟಲೆ ಹೇಳಿದ ದೂರು ಅವರಿಗೆ ಕಣ್ಣಾರೆ ಕಂಡದ್ದು ಅವತ್ತು. ಕೊಡೆ ಹುಡುಕಿಕೊಂಡು ಹೊರಟರು.

ಮೇಸ್ತ್ರಿ ಕೆಳಗಿಳಿದ. ಹೋಗುವವನು ನಿಂತು, ಗೋಡೆಗೆ ಒರಗಿಸಿಟ್ಟಿದ್ದ ಒಂದನೆಯ, ಎರಡನೆಯ ಮನೆಯ ಹೆಂಚುಗಳ ಕಡೆ ನೋಡಿದ. "ಮಳೆ ಬರ್ತದೆ. ತೆರೆದು ಬಿಟ್ಟು ಹೋದ್ರೆ ನನಗೆ ನಿದ್ರೆ ಬರುದಿಲ್ಲ ಅಕ್ಕಾ," ಎಂದು ಮತ್ತೆ ಏಣಿ ಹತ್ತಿದ. ಸಂಜೆಯ ಹೊತ್ತಿಗೆ ಎರಡೂ ಮನೆ ಮುಚ್ಚಿದ. ಉಮ್ಮ ಅವನಿಗೆ ಪುಟ್ಟು ಕೊಟ್ಟರು, ಅತ್ತೆ ಬೆಲ್ಲ ಕೊಟ್ಟರು.

ಮೂರನೆಯ ದಿನ ಮಳೆ ಹಿಡಿಯಿತು. ಹಿಡಿದ ಮಳೆಯಲ್ಲೇ ನನಗೆ ನೋವು ಶುರುವಾಯಿತು. ಉಮ್ಮ ಈ ಕಡೆ ಬಂದು ನನ್ನ ಬೆನ್ನು ಹಿಡಿದರು. ಉಳಿದವರು ಗೋಡೆಯಾಚೆಯಿಂದಲೇ "ಮುಕ್ಕು ತಾಯಿ, ಮುಕ್ಕು!" ಎಂದು ನಾಲ್ಕು ಭಾಷೆಯಲ್ಲಿ ಕೂಗಿದರು. ಹೆಣ್ಣು ಮಗು. ಅದು ಅತ್ತಾಗ ಇಡೀ ಲೈನು ಒಟ್ಟಿಗೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಗಟ್ಟಿಯಾಗಿ, ನಾಚಿಕೆ ಬಿಟ್ಟು ಅತ್ತುಬಿಟ್ಟೆ. ಮಗುವಿನ ಮೊದಲ ಸ್ನಾನಕ್ಕೆ ನೀರು ಕಾಯಿಸಬೇಕು, ನಮ್ಮ ಒಲೆ ಆರಿತ್ತು. ಅತ್ತೆ ಐದನೆಯ ಮನೆಯ ಕಡೆ ತಿರುಗಿಯೂ ನೋಡಲಿಲ್ಲ. ಉಮ್ಮನ ಗೋಡೆಯ ಬುಡಕ್ಕೆ ಮಣೆ ಹಾಕಿಕೊಂಡು ಹತ್ತಿದರು.

ಎತ್ತು ಕಟ್ಟುತ್ತಿದ್ದ ಬಳೆಗೆ ತೊಟ್ಟಿಲು ಕಟ್ಟಿದೆವು. ಮಳೆ ಪೂರ್ತಿ ಅಲ್ಲೇ ಕಳೆದೆವು. ಅದು ಬಿಟ್ಟ ಮೇಲೆ, ದಸರೆಗೆ ಮುಂಚೆ ಒಂದು ದಿನ, ರೈಟರು ಬಂದರು. ಹಿಂದೆ ಒಂದು ಗಾಡಿ ತುಂಬ ಇಟ್ಟಿಗೆ. ಮುಖದಲ್ಲಿ ನಗು. ಮೆಟ್ಟಿಲ ಕೆಳಗೆ ನಿಂತು, "ಅಮ್ಮಾ, ನಿಮ್ಮ ಮಾತು ಸಾಹುಕಾರರಿಗೆ ಮುಟ್ಟಿಸಿದೆ. ಗೋಡೆ ಹೆಂಚಿನವರೆಗೂ ಎತ್ತಿಸಿ ಕೊಡಿ ಅಂದಿದ್ದಾರೆ. ಇನ್ನು ಮರ್ಯಾದೆಯಾಗಿ ಇರಬಹುದು ನೀವು," ಅಂದರು.

ಬೇಡಿ ಬೇಡಿ ಸಾಕಾಗಿದ್ದ ಗೋಡೆ. ಅದು ತಾನಾಗಿ ಬಾಗಿಲಿಗೆ ಬಂದಿತ್ತು. ಆದರೆ ಗೋಡೆ ಮುಚ್ಚಿದರೆ ಹೊಗೆ ಅವರವರ ಮನೆಯದು, ಬೆಂಕಿ ಅವರವರ ಮನೆಯದು. ಮುಂದಿನ ಬೇಸಿಗೆಗೆ ಒಂದೊಂದೇ ಮನೆ ಬಿಚ್ಚಿಕೊಂಡು ಬರಬಹುದು. ಅಷ್ಟು ನನಗೇ ತಿಳಿಯಿತು, ಅತ್ತೆಗೆ ತಿಳಿಯದೇ?

ಅತ್ತೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದರು. ಇಟ್ಟಿಗೆ ನೋಡಿದರು.

"ಗೋಡೆ ಬ್ಯಾಡ ರೈಟ್ರೇ."

"ನೀವೇ ಕೇಳಿದ್ದಲ್ವಾ ಅಮ್ಮಾ?"

"ಕೇಳಿದ್ದೆ. ಆಗ ಬುದ್ಧಿ ಇರ್ಲಿಲ್ಲ. ಈಗ ಆ ಗೋಡೆ ಮೇಲೆ ಒಂದು ಇಟ್ಟಿಗೆ ಇಟ್ಟು ನೋಡಿ, ಇಟ್ಟೋನ ಕೈ ಮೇಲೆ ಕೆಂಡ ಇಡ್ತೀನಿ."

ಆಚೆ ಬಾಗಿಲಲ್ಲಿ ಉಮ್ಮ ಕೈ ಕಟ್ಟಿ ನಿಂತಿದ್ದರು. ಅವರ ಆಚೆ ಎಂಟನೆಯವರು, ಒಂಬತ್ತನೆಯವರು, ಈ ಕಡೆ ಎಲ್ಲರೂ, ಕುಶಾಲನಗರದಿಂದ ವಾಪಸು ಬಂದಿದ್ದ ಒಂದನೆಯ ಮನೆಯವರೂ. ಗಾಡಿಯವನು ಇಟ್ಟಿಗೆ ಇಳಿಸಿ ತನ್ನ ಪಾಡಿಗೆ ಹೊರಟುಹೋದ. ರೈಟರು ಅವನ ಹಿಂದೆಯೇ ಹೋದರು. ಇಟ್ಟಿಗೆ ಅಲ್ಲೇ ಬಿದ್ದಿತ್ತು. ಒಂದು ತಿಂಗಳು ಕಾದೆವು, ಯಾರೂ ಒಯ್ಯಲಿಲ್ಲ. ಆಮೇಲೆ ಅದರಲ್ಲಿ ನಲ್ಲಿಗೆ ಒಂದು ಕಟ್ಟೆ ಕಟ್ಟಿಕೊಂಡೆವು, ಕೊಡ ಇಡಲು ಅನುಕೂಲವಾಯಿತು.

ಸಾಹುಕಾರರ ಲಾರಿಗಳು ಬೇರೆ ಎಲ್ಲೋ ನಿಂತವು. ಕೆಲವು ವರ್ಷಕ್ಕೆ ಕೋಟೆಯ ಕಚೇರಿಗಳ ಬೋರ್ಡು ಬದಲಾಯಿತು, ಕೊಡಗು ಮೈಸೂರಿಗೆ ಸೇರಿತು ಅಂದರು. ಅವತ್ತು ಬೆಳಿಗ್ಗೆ ನೀರಿಗೆ ನಿಂತಿದ್ದಾಗ ಯಾರೋ ಆ ಸುದ್ದಿ ತಂದರು. ಅತ್ತೆ ಕೊಡವನ್ನು ಕಟ್ಟೆಯ ಮೇಲಿಟ್ಟು ಕೇಳಿಸಿಕೊಂಡರು.

"ರಾಜ್ಯವೇ ಹೋಯ್ತಾ?" ಅಂದರು. "ನಮ್ಮನ್ನ ಎಬ್ಬಿಸೋಕೆ ಮಾತ್ರ ಆಗಲಿಲ್ಲ ನೋಡು ಯಾರ ಕೈಲೂ."